ಮೇಸ್ತ್ರಿ ತಟ್ಟೆ

ಒಂದೇ ತಿಂಗಳಲ್ಲಿ ಮೂರನೆಯ ಸಲ ಹಾಲು ಸೀದದ್ದು ಶನಿವಾರ ಬೆಳಿಗ್ಗೆ. ಸೊಸೆ ಸ್ನಾನ ಮುಗಿಸಿ ಬಚ್ಚಲ ಬಾಗಿಲು ತೆರೆದಾಗಲೇ ವಾಸನೆ ಮೂಗಿಗೆ ಬಡಿಯಿತು. ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡೇ ಅಡುಗೆಮನೆಗೆ ಓಡಿದಳು. ಸಣ್ಣ ಉರಿಯ ಮೇಲೆ ಪಾತ್ರೆಯ ತಳ ಕರಕಲಾಗಿತ್ತು. ಒಲೆಯಿಂದ ಒಂದು ಮಾರು ದೂರದಲ್ಲಿ ಸ್ಟೂಲಿನ ಮೇಲೆ ಕೂತು ಅಜ್ಜಿ ನೆಮ್ಮದಿಯಾಗಿ ಬಟಾಣಿ ಬಿಡಿಸುತ್ತಿದ್ದಳು.

“ಅತ್ತೆ, ಮನೆಯೆಲ್ಲ ಸೀದ ವಾಸನೆ. ನೀವು ಪಕ್ಕದಲ್ಲೇ ಕೂತಿದ್ದೀರಲ್ಲ.”

“ಕಿಟಕಿ ತೆಗೆದಿತ್ತು. ಗಾಳಿ ಆ ಕಡೆಗಿತ್ತು,” ಎಂದಳು ಅಜ್ಜಿ, ತಲೆ ಎತ್ತದೆ.

“ಗಾಳಿ ನನ್ನ ಕಡೆಗೆ ಮಾತ್ರ ಬರುತ್ತಾ?”

ಅಜ್ಜಿ ಇನ್ನೊಂದು ಬಟಾಣಿ ಬಿಡಿಸಿದಳು. ಸೊಸೆ ಪಾತ್ರೆಯನ್ನು ನೆನೆಹಾಕಿ, ಹಾಲಿಲ್ಲದ ಚಹಾ ಕುಡಿದು ಕೆಲಸಕ್ಕೆ ಹೊರಟಳು. ಅವಳದು ಅಂಚೆ ಕಚೇರಿಯ ಕೌಂಟರು. ದಿನವಿಡೀ ಪಾರ್ಸೆಲ್ ತೂಗಿ, ಮುದ್ರೆ ಒತ್ತಿ, ಸಾಲಿನಲ್ಲಿ ನಿಂತವರ ಗೊಣಗಾಟ ಕೇಳಿ ಸಂಜೆ ಮನೆಗೆ ಬರುವ ಹೊತ್ತಿಗೆ ಅವಳಲ್ಲಿ ಹೆಚ್ಚು ಮಾತು ಉಳಿದಿರುತ್ತಿರಲಿಲ್ಲ. ಉಳಿದ ನಾಲ್ಕು ಮಾತೂ ಈಚೆಗೆ ಅತ್ತೆಯ ಜೊತೆಗಿನ ಜಗಳಕ್ಕೇ ಖರ್ಚಾಗುತ್ತಿದ್ದವು. ಮೊನ್ನೆ ಅತ್ತೆ ಕೆಟ್ಟ ಮೊಸರು ಬಡಿಸಿದ್ದರು. ಅದರ ಹಿಂದಿನ ವಾರ ಹಳಸಿದ ಹುರುಳಿಕಾಯಿ ಪಲ್ಯವನ್ನು ಬಿಸಿಮಾಡಿ ಮಗಳ ಡಬ್ಬಿಗೆ ತುಂಬಿದ್ದರು. ಕೇಳಿದರೆ ಒಂದೇ ಉತ್ತರ: ಇಪ್ಪತ್ತೆಂಟು ವರ್ಷ ನಾನ್ನೂರು ಜನಕ್ಕೆ ಬೇಯಿಸಿ ಹಾಕಿದವಳು ನಾನು, ನನಗೆ ಕಲಿಸಬೇಡ.

ಅದು ಸುಳ್ಳಲ್ಲ. ಅಜ್ಜಿ ನೂಲಿನ ಗಿರಣಿಯ ಕ್ಯಾಂಟೀನಿನಲ್ಲಿ ಅಡುಗೆಯವಳಾಗಿದ್ದಳು. ಗಂಡ ಅದೇ ಗಿರಣಿಯಲ್ಲಿ ಫಿಟ್ಟರು. ಅವನು ತೀರಿಕೊಂಡು ಎರಡು ವರ್ಷವಾಗಿತ್ತು. ಮಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಎಂಜಿನ್ನು ಒಂದು ಸಲ ಕೆಮ್ಮಿದರೆ ಯಾವ ಭಾಗಕ್ಕೆ ನೆಗಡಿ ಎಂದು ಹೇಳಬಲ್ಲವನು, ಮನೆಯಲ್ಲಿ ತಾಯಿ ಹೆಂಡತಿಯರ ದನಿ ಏರಿದರೆ ಮಾತ್ರ ಪೇಪರನ್ನು ಮುಖದ ಮುಂದೆ ಎತ್ತಿ ಹಿಡಿಯುತ್ತಿದ್ದ. ಅವನ ಹದಿನಾರರ ಮಗಳನ್ನು ಎಲ್ಲರೂ ಕರೆಯುತ್ತಿದ್ದದ್ದು ಮೆಣಸು ಎಂದು. ಗಾತ್ರ ಸಣ್ಣದು, ಖಾರ ಜಾಸ್ತಿ ಎಂದು ಅವಳ ಅಜ್ಜ ಇಟ್ಟ ಹೆಸರು.

ಮುಂದಿನ ಬುಧವಾರ ಅಂಚೆ ಕಚೇರಿಗೆ ಅರ್ಧ ದಿನ ರಜೆ. ಸೊಸೆ ಮಧ್ಯಾಹ್ನ ಮನೆಗೆ ಬಂದಳು. ಮೆಟ್ಟಿಲ ತಿರುವಿನಲ್ಲೇ ಗ್ಯಾಸಿನ ವಾಸನೆ. ಬೀಗ ತೆಗೆದು ಒಳಗೆ ಹೋದರೆ ಕಣ್ಣು ಉರಿಯುವಷ್ಟು. ಒಲೆಯ ಮೇಲೆ ಬೇಳೆ ಉಕ್ಕಿ ಉರಿ ಆರಿಹೋಗಿತ್ತು, ತಿರುಪು ಮಾತ್ರ ತೆರೆದೇ ಇತ್ತು. ಅಜ್ಜಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಚೀಲ ಹೊಲಿಯುತ್ತಿದ್ದಳು. ಸೊಸೆ ತಿರುಪು ಮುಚ್ಚಿ, ಕಿಟಕಿಗಳನ್ನೆಲ್ಲ ತೆರೆದು, ಅತ್ತೆಯ ರಟ್ಟೆ ಹಿಡಿದು ಎಬ್ಬಿಸಿ ಮೆಟ್ಟಿಲವರೆಗೆ ನಡೆಸಿಕೊಂಡು ಬಂದಳು. ಆಮೇಲೆ ಮೆಟ್ಟಿಲ ಮೇಲೆ ಕುಸಿದು ಕೂತಳು.

ಆ ಸಂಜೆ ಮಗ ಪೇಪರನ್ನು ಮಡಿಚಿ ಇಡಲೇಬೇಕಾಯಿತು.

“ಅಮ್ಮ, ಸ್ವಲ್ಪ ದಿನ ರೆಸ್ಟ್ ತಗೋ,” ಎಂದ.

“ರೆಸ್ಟ್ ಅಂದ್ರೆ? ಡಿಪೋದಲ್ಲಿ ಕೆಟ್ಟು ನಿಂತ ಬಸ್ಸಿಗೆ ಹೇಳ್ತೀಯಲ್ಲ, ಆ ರೆಸ್ಟಾ?”

ಮೆಣಸಿಗೆ ನಗು ಬಂತು. ಅಮ್ಮನ ಮುಖ ನೋಡಿ ನುಂಗಿಕೊಂಡಳು. ತೀರ್ಮಾನ ಆಗಿಹೋಗಿತ್ತು. ಮರುದಿನದಿಂದ ಸೊಸೆ ಕೆಲಸಕ್ಕೆ ಹೊರಡುವ ಮುಂಚೆ ಸಿಲಿಂಡರಿನ ರೆಗ್ಯುಲೇಟರನ್ನೇ ಕಳಚಿ ತನ್ನ ಬೀರುವಿನಲ್ಲಿಟ್ಟು ಹೋದಳು. ಅಜ್ಜಿಯ ಊಟ ಡಬ್ಬಿಯಲ್ಲಿ: ಎರಡು ಬೇಯಿಸಿದ ಆಲೂಗಡ್ಡೆ, ಬ್ರೆಡ್ಡು, ಒಂದು ಮೊಟ್ಟೆ. ಚಹಾ ಫ್ಲಾಸ್ಕಿನಲ್ಲಿ.

ಅಜ್ಜಿ ಸೊಸೆಯ ಜೊತೆ ಮಾತು ಬಿಟ್ಟಳು. ಡಬ್ಬಿಯನ್ನು ಅರ್ಧ ತಿಂದು ಮುಚ್ಚಿಡುವಳು. ಸಂಜೆ ಸೊಸೆ ಅದನ್ನು ತೆರೆದು ನೋಡಿ, ತಾನೇ ತಿಂದು ಡಬ್ಬಿ ತೊಳೆಯುವಳು. ಬಟ್ಟೆ ಮಡಿಸುವುದು, ಕಸ ಗುಡಿಸುವುದು, ಮೊದಲು ಅಜ್ಜಿಯೇ ಮಾಡುತ್ತಿದ್ದ ಈ ಕೆಲಸಗಳೂ ನಿಂತವು. ಯಾಕೆಂದು ಮಗ ಕೇಳಿದಾಗ, ನಾನೀಗ ಈ ಮನೆಯ ಪೇಯಿಂಗ್ ಗೆಸ್ಟು, ಪೇ ಮಾಡದ ಗೆಸ್ಟು, ಗೆಸ್ಟು ಕಸ ಗುಡಿಸುತ್ತಾರಾ ಎಂದಳು. ಅವನು ಪೇಪರು ಹುಡುಕಿದ.

ಒಂದು ಕೆಲಸ ಮಾತ್ರ ಅಜ್ಜಿ ಬಿಡಲಿಲ್ಲ. ಬೆಳಿಗ್ಗೆ, ಸಂಜೆ ತಾರಸಿಗೆ ಹೋಗಿ ಟೊಮೆಟೊ ಗಿಡಗಳಿಗೆ ನೀರು ಹಾಕುವುದು. ಹಳೆಯ ಪೇಂಟಿನ ಡ್ರಮ್ಮುಗಳನ್ನು ಗಂಡ ಅರ್ಧಕ್ಕೆ ಕತ್ತರಿಸಿ ಮಾಡಿದ ಆರು ತೊಟ್ಟಿಗಳು. ಅಂಚಿನಲ್ಲಿ ಒಂದು ಡಬ್ಬದ ತುಂಬ ಕಾಮಕಸ್ತೂರಿ. ಪರೀಕ್ಷೆ ಮುಗಿದು ಮೆಣಸಿಗೆ ರಜೆ ಬಂದಿತ್ತು. ಮನೆಯೊಳಗಿನ ಬಿಗಿ ತಡೆಯಲಾರದೆ ಅವಳೂ ಅಜ್ಜಿಯ ಜೊತೆ ಮೇಲೆ ಹೋಗತೊಡಗಿದಳು.

ಜಗಳ ಶುರುವಾದ ಮೂರನೆಯ ವಾರ ಹಣ್ಣು ಕೆಂಪಾದವು. ಅಂದು ಅಜ್ಜಿಯ ಮುಖ ಸ್ವಲ್ಪ ಸಡಿಲಾಗಿತ್ತು.

“ಒಲೆ ಕಿತ್ಕೊಂಡ್ರೆ ನನಗೆ ಅಡುಗೆ ಬರಲ್ಲ ಅಂದ್ಕೊಂಡಿದಾಳೆ ನಿಮ್ಮಮ್ಮ,” ಎಂದಳು. “ಒಲೆ ಬೇಡದ ಅಡುಗೆ ಒಂದಿದೆ. ಮೇಸ್ತ್ರಿ ತಟ್ಟೆ. ನೀನು ಸಣ್ಣವಳಿದ್ದಾಗ ತಿಂದಿದೀಯ, ನೆನಪಿದೆಯೋ ಇಲ್ವೋ.”

ಮೆಣಸಿಗೆ ನೆನಪಿತ್ತು. ವರ್ಷಕ್ಕೊಮ್ಮೆ ಅಜ್ಜ ಅಡುಗೆಮನೆಗೆ ಬರುತ್ತಿದ್ದ, ದೊಡ್ಡ ತಟ್ಟೆಯಲ್ಲಿ ಕೆಂಪು, ಬಿಳಿ, ಹಸಿರು ಜೋಡಿಸುತ್ತಿದ್ದ. ಆ ಹೆಸರು ಯಾಕೆ ಬಂತೆಂದು ಅವಳು ಕೇಳಿರಲಿಲ್ಲ. ಈಗ ಕೇಳಿದಳು. ನೀರಿನ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತು ಅಜ್ಜಿ ಹೇಳಿದಳು.

ಗಿರಣಿಗೆ ಹೊಸ ಯಂತ್ರ ಇಟಲಿಯಿಂದ ಪೆಟ್ಟಿಗೆಗಳಲ್ಲಿ ಬಂದಿತ್ತು. ಅದನ್ನು ಜೋಡಿಸಲು ಅಲ್ಲಿಂದಲೇ ಒಬ್ಬರು ಬಂದರು. ಬೋಳುತಲೆ, ದಪ್ಪ ಮೀಸೆ, ಕೈತುಂಬ ಗ್ರೀಸು. ಎಲ್ಲರೂ ಅವರನ್ನು ಇಟಲಿ ಮೇಸ್ತ್ರಿ ಎಂದು ಕರೆದರು. ಕ್ಯಾಂಟೀನಿನ ಊಟವನ್ನು ಮೂರು ದಿನ ಮರ್ಯಾದೆಗೆ ಮುಟ್ಟಿದರು, ತಿಂದದ್ದು ಬರೀ ಬ್ರೆಡ್ಡು. ಅಜ್ಜಿಗೆ ಆಗ ಇಪ್ಪತ್ತೆರಡು. ತನ್ನ ಅಡುಗೆಗೆ ಹಾಗೆ ಮುಖ ಸಣ್ಣ ಮಾಡಿದವರನ್ನು ಕಂಡು ಅವಮಾನವಾಗಿ ಒಳಗೆ ಹೋಗಿ ಅತ್ತಿದ್ದಳಂತೆ. ನಾಲ್ಕನೆಯ ದಿನ ಮೇಸ್ತ್ರಿ ಒಂದು ಬುಟ್ಟಿ ಟೊಮೆಟೊ ಹಿಡಿದು ಸೀದಾ ಅಡುಗೆಮನೆಗೇ ಬಂದರು. ಜೊತೆಗೆ ಅವರ ಕೈಕೆಳಗೆ ಹಾಕಿದ್ದ ಹುಡುಗ ಫಿಟ್ಟರು, ದುಭಾಷಿಯಾಗಿ.

“ನಿಮ್ಮಜ್ಜನಿಗೆ ಅವರ ಭಾಷೆ ಎಷ್ಟು ಬರ್ತಿತ್ತು ಅಂತೀಯ? ನಾಲ್ಕು ಪದ. ಅದರಲ್ಲಿ ಎರಡು ನಟ್ಟು, ಬೋಲ್ಟು.”

ಮೇಸ್ತ್ರಿ ಪ್ರತಿ ಹಣ್ಣನ್ನೂ ತೊಟ್ಟಿನ ಹತ್ತಿರ ಮೂಸಿ ನೋಡಿ ಬೇರೆ ಮಾಡಿದರು. ಅವಳ ಮೂಗಿಗೂ ಹಿಡಿದರು. ಚೀಸು ಎಲ್ಲೂ ಸಿಗದೆ ಅವಳೇ ಹಾಲು ಒಡೆಸಿ, ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ, ಹಸಿ ಚೀಸು ಮಾಡಿಕೊಟ್ಟಳು. ಕಾಮಕಸ್ತೂರಿ ಎಲೆಗೆ ಅವಳು ಚಾಕು ಎತ್ತಿದಾಗ ಮೇಸ್ತ್ರಿ ಕೈ ತಡೆದು ಏನೋ ಉದ್ದಕ್ಕೆ ಹೇಳಿದರು. ಫಿಟ್ಟರು ತುಸು ಯೋಚಿಸಿ, ಎಲೆಗೆ ಚಾಕು ತೋರಿಸಬೇಡಿ, ಅದು ಹೆದರಿಕೊಂಡು ಕಪ್ಪಾಗುತ್ತೆ ಅಂತಿದ್ದಾರೆ ಎಂದು ಅನುವಾದ ಮಾಡಿದ. ಮೇಸ್ತ್ರಿ ನಿಜವಾಗಿ ಏನು ಹೇಳಿದ್ದರೋ ಯಾರಿಗೂ ಗೊತ್ತಿಲ್ಲ. ಬೇಸಗೆ ಮುಗಿಯಿತು, ಯಂತ್ರ ಓಡತೊಡಗಿತು, ಮೇಸ್ತ್ರಿ ಊರಿಗೆ ಹೋದರು. ಫಿಟ್ಟರು ಮಾತ್ರ ದಿನಾ ಹನ್ನೆರಡೂವರೆಗೆ ಅಡುಗೆಮನೆಗೆ ಬರುವುದನ್ನು ಬಿಡಲಿಲ್ಲ. ಅನುವಾದ ಮಾಡಲು ಯಾರೂ ಇರಲಿಲ್ಲ, ಆದರೂ ಬರುತ್ತಿದ್ದ.

“ಆಮೇಲೆ?” ಎಂದಳು ಮೆಣಸು.

“ಆಮೇಲೇನು, ನಿಮ್ಮಪ್ಪ,” ಎಂದು ಅಜ್ಜಿ ಎದ್ದಳು.

ಹಣ್ಣು ಆರಿಸುವಾಗ ಅಜ್ಜಿ ಒಂದೊಂದನ್ನೂ ಮೆಣಸಿನ ಮೂಗಿಗೆ ಹಿಡಿದು, ಹೇಗಿದೆ ಹೇಳು ಎಂದಳು. ಮೊಮ್ಮಗಳು ಚೆನ್ನಾಗಿದೆ ಎಂದದ್ದು ಮಾತ್ರ ಬುಟ್ಟಿಗೆ ಬಿತ್ತು. ತನಗೆ ಕಲಿಸುತ್ತಿದ್ದಾಳೆ ಎಂದುಕೊಂಡಳು ಮೆಣಸು. ಅಂಗಡಿಯಿಂದ ಚೀಸು ತಂದಳು. ಅಜ್ಜಿ ಹಣ್ಣನ್ನು ದಪ್ಪ ಬಿಲ್ಲೆಗಳಾಗಿ ಹೆಚ್ಚಿ, ಉಪ್ಪು ಉದುರಿಸಿ, ನೀರು ಬಿಡಲು ಬಿಟ್ಟಳು. ಒಂದು ಕೆಂಪು, ಒಂದು ಬಿಳಿ, ನಡುವೆ ಕೈಯಲ್ಲಿ ಹರಿದ ಎಲೆ. ಕೊನೆಗೆ ಕಪಾಟಿನ ಹಿಂದಿನಿಂದ ಆಲಿವ್ ಎಣ್ಣೆಯ ಬಾಟಲಿ ತೆಗೆದಳು. ಅಜ್ಜ ತಂದಿಟ್ಟ ಬಾಟಲಿ, ಅವನ ಕೊನೆಯ ಬೇಸಗೆಯದು. ಅಜ್ಜಿ ಮುಚ್ಚಳ ತೆಗೆದು ಮೂಸಿ, ಹಾಂ, ಚೆನ್ನಾಗಿದೆ ಎಂದು ಧಾರಾಳವಾಗಿ ಸುರಿದಳು.

ಮೆಣಸು ಮೂಗು ಮುಚ್ಚಿಕೊಂಡಳು. ಎಣ್ಣೆ ಕನರಿತ್ತು. ಅಜ್ಜಿ ಒಂದು ಬಿಲ್ಲೆ ಬಾಯಿಗಿಟ್ಟು ಅಗಿಯುತ್ತಲೇ ಇದ್ದಳು.

“ಅಜ್ಜಿ, ಉಗಿ. ಎಣ್ಣೆ ಕೆಟ್ಟಿದೆ.”

ಅಜ್ಜಿ ಅಗಿಯುವುದನ್ನು ನಿಲ್ಲಿಸಿದಳು. ಮೊಮ್ಮಗಳು ಅವಳನ್ನೇ ನೋಡಿದಳು. ಹಾಲು, ಮೊಸರು, ಗ್ಯಾಸು, ಎಲ್ಲವೂ ಒಟ್ಟಿಗೆ ಅವಳ ತಲೆಗೆ ಬಂದವು.

“ನಿನಗೆ ವಾಸನೆ ಗೊತ್ತಾಗಲ್ಲ ಅಲ್ವಾ?”

ಅಜ್ಜಿ ಬಾಯಲ್ಲಿದ್ದದ್ದನ್ನು ನುಂಗಿ, ಬಾಟಲಿಗೆ ಮುಚ್ಚಳ ಹಾಕಿದಳು. ಚಳಿಗಾಲದಲ್ಲಿ ಜ್ವರ ಬಂದಿತ್ತಲ್ಲ, ಆವಾಗಿನಿಂದ ಎಂದಳು. ಮೊದಮೊದಲು ನೆಗಡಿ ಇಳಿದ ಮೇಲೆ ಬರುತ್ತೆ ಅಂದುಕೊಂಡಿದ್ದಳು. ಬರಲಿಲ್ಲ. ಉಪ್ಪು, ಹುಳಿ, ಸಿಹಿ, ಕಹಿ ತಿಳಿಯುತ್ತಿತ್ತು. ಬಾಕಿ ಎಲ್ಲ ಕಾಗದ ತಿಂದ ಹಾಗೆ.

“ಯಾಕೆ ಹೇಳಲಿಲ್ಲ?”

“ಏನಂತ ಹೇಳಲಿ? ಮೂಗು ಸತ್ತ ಅಡುಗೆಯವಳು ಅಂದ್ರೆ ಏನು ಗೊತ್ತಾ? ಹಲ್ಲಿಲ್ಲದ ಗರಗಸ.” ಬಾಟಲಿಯನ್ನು ಪಕ್ಕಕ್ಕೆ ಸರಿಸಿ ಹೇಳಿದಳು, “ದಿನಾ ಮೇಲೆ ಹೋಗಿ ಟೊಮೆಟೊ ಎಲೆ ಉಜ್ಜಿ ನೋಡ್ತೀನಿ. ನಿಮ್ಮಜ್ಜ ತೀರಿಕೊಂಡ ಮೇಲೂ ಆ ಎಲೆ ಉಜ್ಜಿದ್ರೆ ಅವರು ಪಕ್ಕದಲ್ಲೇ ಇದಾರೆ ಅನ್ನಿಸ್ತಿತ್ತು. ಈಗ ಅದೂ ಇಲ್ಲ. ನಿಮ್ಮಮ್ಮನಿಗೆ ಹೇಳಬೇಡ.”

ತಟ್ಟೆಯಲ್ಲಿದ್ದದ್ದನ್ನು ಇಬ್ಬರೂ ಸೇರಿ ಕಸದ ಬುಟ್ಟಿಗೆ ಹಾಕಿದರು.

ಮೆಣಸು ಎಂಟು ದಿನ ಗುಟ್ಟು ಕಾಪಾಡಿದಳು. ಆ ಎಂಟು ದಿನವೂ ಅವಳು ಅಜ್ಜಿಯ ಬೆನ್ನ ಹಿಂದೆಯೇ ತಿರುಗಾಡಿ, ಹಾಲು ಮೂಸಿ, ಬ್ರೆಡ್ಡು ಮೂಸಿ, ಡಬ್ಬಿ ಮೂಸಿ ಇಡುತ್ತಿದ್ದಳು. ಇದೇನೇ ಬೆಕ್ಕಿನ ಹಾಗೆ ಎಂದು ಅಮ್ಮ ಎರಡು ಸಲ ಗದರಿಸಿದಳು.

ಒಂಬತ್ತನೆಯ ದಿನ ಭಾನುವಾರ. ಮಧ್ಯಾಹ್ನದ ಊಟಕ್ಕೆ ನಾಲ್ವರೂ ಕೂತಿದ್ದರು. ಮಗ ಎರಡು ಸಲ ಗಂಟಲು ಸರಿಮಾಡಿಕೊಂಡ. ಅಕ್ಕನಿಗೆ ಫೋನು ಮಾಡಿದ್ದೆ, ಅಮ್ಮನನ್ನು ಕೆಲವು ತಿಂಗಳು ಅಲ್ಲಿಗೆ ಕಳಿಸಿಕೊಡು ಎಂದಿದ್ದಾಳೆ, ಅವಳು ಹಗಲೆಲ್ಲ ಮನೆಯಲ್ಲೇ ಇರುತ್ತಾಳಲ್ಲ ಎಂದ. ಅಜ್ಜಿ ಬ್ರೆಡ್ಡು ಮುರಿಯುತ್ತಲೇ ಇದ್ದಳು. ಸೊಸೆ ತಟ್ಟೆಯನ್ನೇ ನೋಡುತ್ತಿದ್ದಳು. ಇದು ಅವಳು ಹೇಳಿಸಿದ ಮಾತೆಂದು ಎಲ್ಲರಿಗೂ ಗೊತ್ತಿತ್ತು.

“ಗಿಡಕ್ಕೆ ನೀರು ಯಾರು ಹಾಕ್ತಾರೆ?” ಎಂದಳು ಅಜ್ಜಿ.

ಮೆಣಸಿಗೆ ತಡೆಯಲಾಗಲಿಲ್ಲ. “ಅಜ್ಜಿಗೆ ವಾಸನೆ ಗೊತ್ತಾಗಲ್ಲ,” ಎಂದಳು. “ಜ್ವರ ಬಂದಾಗಿಂದ. ಅದಕ್ಕೇ ಹಾಲು ಸೀಯೋದು, ಅದಕ್ಕೇ ಗ್ಯಾಸು. ಬೇಕೂಂತ ಮಾಡಿದ್ದಲ್ಲ.”

ಯಾರೂ ತುತ್ತು ಎತ್ತಲಿಲ್ಲ. ಮಗ ತಾಯಿಯನ್ನು ನೋಡಿದ. ಅಜ್ಜಿ ಮೊಮ್ಮಗಳನ್ನು ನೋಡಿದಳು. ಸೊಸೆಗೆ ಮೊದಲು ಬಂದದ್ದು ಸಿಟ್ಟು.

“ಒಂದು ಮಾತು ಹೇಳಬಾರದಿತ್ತಾ ಅತ್ತೆ?”

“ಹೇಳಿದ್ರೆ ಏನ್ ಮಾಡ್ತಿದ್ದೆ? ಒಲೆ ಮುಟ್ಟೋಕೆ ಬಿಡ್ತಿದ್ಯಾ?”

“ಇಲ್ಲ. ಬಿಡ್ತಿರಲಿಲ್ಲ.” ಸೊಸೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. “ಆದ್ರೆ ಇಷ್ಟು ತಿಂಗಳು ನಿಮ್ಮನ್ನ ಮನಸ್ಸಿನಲ್ಲೇ ಬೈದುಕೊಂಡು ಓಡಾಡ್ತಿರಲಿಲ್ಲ. ಪಾರ್ಸೆಲ್ ತೂಗುವಾಗಲೂ ಬೈಯ್ತಿದ್ದೆ. ನಾನು ಸಂಪಾದಿಸೋದು ನಿಮಗೆ ಹೊಟ್ಟೆಕಿಚ್ಚು, ಅದಕ್ಕೇ ಹೀಗೆಲ್ಲ ಮಾಡ್ತಿದೀರಿ ಅಂದ್ಕೊಂಡಿದ್ದೆ.”

ಅಷ್ಟು ಹೇಳಿ ಎದ್ದು ಹೋಗಿ ನಲ್ಲಿ ತಿರುಗಿಸಿ, ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು. ಅಜ್ಜಿ ತನ್ನ ತಟ್ಟೆ ಹಿಡಿದು ನಿಧಾನವಾಗಿ ಅಲ್ಲಿಗೆ ಹೋದಳು. ಒರೆಸುವ ಬಟ್ಟೆ ತೆಗೆದುಕೊಂಡು ಪಕ್ಕದಲ್ಲಿ ನಿಂತಳು. ಒಬ್ಬಳು ತೊಳೆದದ್ದನ್ನು ಇನ್ನೊಬ್ಬಳು ಒರೆಸಿ ಇಟ್ಟಳು.

ಮಂಗಳವಾರ ಸೊಸೆ ರಜೆ ಹಾಕಿ ಅತ್ತೆಯನ್ನು ಡಾಕ್ಟರ ಬಳಿಗೆ ಕರೆದುಕೊಂಡು ಹೋದಳು. ಡಾಕ್ಟರು ಕಣ್ಣು ಮುಚ್ಚಿಸಿ ಮೂಗಿನ ಮುಂದೆ ಕಾಫಿಪುಡಿ, ಸೋಪು, ಲವಂಗ ಒಂದೊಂದಾಗಿ ಹಿಡಿದರು. ಅಜ್ಜಿ ಪ್ರತಿ ಸಲವೂ ಇಲ್ಲ ಎಂದಳು. ಕೊನೆಯದಕ್ಕೆ ಮಾತ್ರ, ಪರೀಕ್ಷೆಯಲ್ಲಿ ಫೇಲಾಗುವ ಹುಡುಗಿಯ ಹಾಗೆ, ಸೋಪಿರಬಹುದಾ ಎಂದು ಊಹೆ ಹೊಡೆದಳು. ಅದು ಲವಂಗವಾಗಿತ್ತು. ಮರಳಿ ಬರಬಹುದು, ಬರದೆಯೂ ಇರಬಹುದು, ಈ ವಯಸ್ಸಿನಲ್ಲಿ ಹೇಳಲಾಗದು, ದಿನಾ ನಾಲ್ಕಾರು ವಸ್ತು ಮೂಸಿ ಅಭ್ಯಾಸ ಮಾಡಿ ಎಂದರು ಡಾಕ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ಸೊಸೆ ಕಿಟಕಿಯ ಕಡೆ ನೋಡುತ್ತ, ಅತ್ತಿಗೆಗೆ ಫೋನು ಮಾಡಿ ಬೇಡ ಅಂತ ಹೇಳ್ತೀನಿ ಎಂದಳು. ಒಂದು ಸ್ಟಾಪು ದಾಟಿದ ಮೇಲೆ ಕೇಳಿದಳು, “ಆ ತಟ್ಟೆಗೆ ಚೀಸು ಮನೆಯಲ್ಲೇ ಮಾಡೋದಂತಲ್ಲ? ಮೆಣಸು ಹೇಳಿದ್ಲು.”

“ಅದಕ್ಕೆ ಒಲೆ ಬೇಕು,” ಎಂದಳು ಅಜ್ಜಿ.

“ಭಾನುವಾರ ನಾನಿರ್ತೀನಲ್ಲ.”

ಭಾನುವಾರ ಬೆಳಿಗ್ಗೆ ಸೊಸೆ ಎರಡು ಲೀಟರ್ ಹಾಲು ಒಲೆಯ ಮೇಲಿಟ್ಟಳು. ಅಜ್ಜಿ ಸ್ಟೂಲಿನ ಮೇಲೆ ಕೂತು ಕ್ಯಾಂಟೀನಿನ ದನಿಯಲ್ಲಿ ಆಜ್ಞೆ ಕೊಡತೊಡಗಿದಳು. ಉಕ್ಕು ಬಂದೊಡನೆ ಉರಿ ಆರಿಸು. ನಿಂಬೆರಸ ಒಮ್ಮೆಗೇ ಸುರಿಯಬೇಡ, ಚಮಚ ಚಮಚವಾಗಿ ಹಾಕು. ಈಗ ಕೈ ನಿಲ್ಲಿಸು. ಹಾಲು ಒಡೆದು ತಿಳಿನೀರು ಬೇರೆಯಾಯಿತು. ಬಟ್ಟೆಗೆ ಸುರಿದು, ತಣ್ಣೀರಲ್ಲಿ ಒಮ್ಮೆ ತೊಳೆದು, ನಲ್ಲಿಗೆ ಕಟ್ಟಿದರು. ಸೊಸೆ ಗಂಟನ್ನು ಹಿಂಡಲು ಹೋದಾಗ ಅಜ್ಜಿ ಅವಳ ಕೈಮೇಲೆ ಮೆಲ್ಲಗೆ ಹೊಡೆದಳು. “ಪಾರ್ಸೆಲ್ ಅಲ್ಲ ಅದು, ಬಿಗಿಯಬೇಡ.” ಸೊಸೆ ನಕ್ಕಳು. ಅಡುಗೆಮನೆಯಲ್ಲಿ ಆ ನಗು ಕೇಳಿ ತಿಂಗಳುಗಳಾಗಿದ್ದವು; ಹಜಾರದಲ್ಲಿದ್ದ ಮಗ ಪೇಪರು ಕೆಳಗಿಳಿಸಿ ಒಮ್ಮೆ ಇಣುಕಿ ಹೋದ.

ಹಣ್ಣು ಕೀಳಲು ಇಬ್ಬರೂ ತಾರಸಿಗೆ ಹೋದರು. ಸೊಸೆ ಆ ಗಿಡಗಳ ಹತ್ತಿರ ಬಂದದ್ದೇ ಅಪರೂಪ. ಅವಳ ಮಟ್ಟಿಗೆ ಅವು ಬಟ್ಟೆ ಒಣಹಾಕುವ ಜಾಗ ತಿಂದ ತೊಟ್ಟಿಗಳು. ಒಂದೊಂದು ಹಣ್ಣನ್ನೂ ಮೂಸಿ, ಇದು ಆಗಿದೆ, ಇದು ಇನ್ನೂ ಇಲ್ಲ ಎಂದಳು. ಅಜ್ಜಿ ಒಂದು ಎಲೆ ಕಿತ್ತು, ಬೆರಳಲ್ಲಿ ಉಜ್ಜಿ, ಸೊಸೆಯತ್ತ ಚಾಚಿದಳು.

“ಇದು ಹೇಗಿದೆ ಹೇಳು. ಸುಮ್ಮನೆ ಚೆನ್ನಾಗಿದೆ ಅನ್ನಬೇಡ.”

ಸೊಸೆಗೆ ಇಂಥದ್ದನ್ನೆಲ್ಲ ಹೇಳಿ ಅಭ್ಯಾಸವಿರಲಿಲ್ಲ. ಅತ್ತೆಯ ಬೆರಳನ್ನು ಮೂಗಿನ ಹತ್ತಿರ ಹಿಡಿದುಕೊಂಡು ಬಹಳ ಹೊತ್ತು ನಿಂತಳು.

“ಖಾರ ಖಾರ. ಹಸಿ. ಆಮೇಲೆ…” ಎಂದು ನಿಲ್ಲಿಸಿದಳು. “ಮಾವನ ಅಂಗಿ ಒಗೆಯುವಾಗ ತೋಳಿನ ಹತ್ತಿರ ಇದೇ ವಾಸನೆ ಬರ್ತಿತ್ತು. ಸೋಪು ಹಾಕಿದ್ರೂ ಹೋಗ್ತಿರಲಿಲ್ಲ. ಗ್ರೀಸಿನ ಜೊತೆ ಸೇರಿಕೊಂಡು ಒಂಥರಾ ಇರ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ, ಇದ್ಯಾವ ಸೆಂಟು ಹಾಕ್ಕೋತಾರಪ್ಪ ಇವರು ಅಂದ್ಕೊಂಡಿದ್ದೆ.”

ಅಜ್ಜಿ ಬೆರಳನ್ನು ಹಿಂದಕ್ಕೆ ತೆಗೆದುಕೊಂಡಳು. ಸೆರಗಿಗೆ ಒರೆಸಿಕೊಳ್ಳಲಿಲ್ಲ. “ಗ್ರೀಸನ್ನ ನಾನು ಮರೆತೇಬಿಟ್ಟಿದ್ದೆ ನೋಡು,” ಎಂದಳು. ಕಣ್ಣು ತುಂಬಿತ್ತು. ಸೊಸೆ ಬುಟ್ಟಿ ಎತ್ತಿಕೊಂಡು, ಇನ್ನೊಂದು ಕೈಯನ್ನು ಅತ್ತೆಗೆ ಕೊಟ್ಟು ಮೆಟ್ಟಿಲಿಳಿಸಿದಳು.

ತಟ್ಟೆ ಜೋಡಿಸಿದ್ದು ಅಜ್ಜಿ. ಹೊಸ ಎಣ್ಣೆಯನ್ನು ಮೆಣಸು ಮೂಸಿ ಒಪ್ಪಿಗೆ ಕೊಟ್ಟಳು. ಮಗ ಎರಡು ಸಲ ಹಾಕಿಸಿಕೊಂಡು ತಿಂದ. ಮೂರನೆಯ ಸಲ ತಟ್ಟೆ ಚಾಚಿ, ಅಪ್ಪ ಉಪ್ಪು ಸ್ವಲ್ಪ ಜಾಸ್ತಿ ಹಾಕ್ತಿದ್ದ ಎಂದ. ನಿಮ್ಮಪ್ಪನಿಗೆ ಉಪ್ಪಿನ ಅಂದಾಜೇ ಇರಲಿಲ್ಲ ಎಂದು ಅಜ್ಜಿ ಮಗನ ಬಾಯಿ ಮುಚ್ಚಿಸಿದಳು. ತಟ್ಟೆಯ ತಳದಲ್ಲಿ ಟೊಮೆಟೊ ನೀರು, ಎಣ್ಣೆ ಸೇರಿ ರಸ ನಿಂತಿತ್ತು. ಅದಕ್ಕೆ ಬ್ರೆಡ್ಡು ಅದ್ದಿ ಅಜ್ಜಿ ಕಣ್ಣು ಮುಚ್ಚಿಕೊಂಡು ತಿಂದಳು. ಸೊಸೆ ಅವಳ ಮುಖವನ್ನೇ ನೋಡುತ್ತಿದ್ದಳು.

“ಏನಾದ್ರೂ ಗೊತ್ತಾಯ್ತಾ ಅತ್ತೆ?”

“ಹುಳಿ ಗೊತ್ತಾಯ್ತು, ಉಪ್ಪು ಗೊತ್ತಾಯ್ತು,” ಎಂದಳು ಅಜ್ಜಿ. “ಮಿಕ್ಕಿದ್ದು ನೀನು ಹೇಳಿದ್ಯಲ್ಲ.”

ಸೊಸೆ ಬ್ರೆಡ್ಡಿನ ಇನ್ನೊಂದು ಚೂರು ಮುರಿದು ಅತ್ತೆಯ ಕೈಗೆ ಕೊಟ್ಟಳು.